ಥರ್ಮೋಕೋಲ್ ಹಂಡೆ ಒಲೆಗೆ ಬೇಡ

ಪ್ರಶ್ನೆ: ಮನೆಗೆ ಹೊಸ ಫ್ರಿಜ್ ಬಂತು. ಜೊತೆಗೆ ಬಂದ ಥರ್ಮೋಕೋಲನ್ನು ಗುಜರಿಯವನು ಮುಟ್ಟಲಿಲ್ಲ. ಬಚ್ಚಲ ಹಂಡೆ ಒಲೆಗೆ ಹಾಕು, ಚೆನ್ನಾಗಿ ಉರಿಯುತ್ತೆ ಅಂತಾರೆ ನಮ್ಮ ಯಜಮಾನರು. ಹಾಕಬಹುದೇ? ಊರಿನ ಸಮಾರಂಭದಲ್ಲಿ ಇದರದೇ ಲೋಟದಲ್ಲಿ ಬಿಸಿ ಕಾಫಿ ಕೊಟ್ಟರು, ಕುಡಿಯಬಹುದೇ?
– ಗೃಹಿಣಿ, ತೀರ್ಥಹಳ್ಳಿ

ಉತ್ತರ: ಉರಿಯುವುದೇನೋ ಉರಿಯುತ್ತದಮ್ಮ, ತಕರಾರು ಹೊಗೆಯದು. ಥರ್ಮೋಕೋಲ್ ಅಂದರೆ ಉಬ್ಬಿಸಿದ ಪಾಲಿಸ್ಟೈರೀನ್ ಪ್ಲಾಸ್ಟಿಕ್. ಆ ಪ್ಲಾಸ್ಟಿಕ್ಕಿನ ತೂಕದಲ್ಲಿ ನೂರಕ್ಕೆ 92 ಪಾಲು ಕಾರ್ಬನ್ನೇ. ಅಷ್ಟನ್ನೂ ಪೂರ್ತಿ ಸುಡಲು ಹಂಡೆ ಒಲೆಗೆ ಎಳೆಯುವ ಗಾಳಿ ಸಾಲದು. ಉಳಿದದ್ದು ಕರೀ ಮಸಿಯಾಗಿ, ಎಳೆ ಎಳೆಯಾಗಿ ತೇಲಿ ಬಂದು ಒಣಹಾಕಿದ ಬಟ್ಟೆ ಮೇಲೆ ಕೂರುತ್ತದೆ. ಜೊತೆಗೆ ಕಾರ್ಬನ್ ಮಾನಾಕ್ಸೈಡ್, ಈ ಪ್ಲಾಸ್ಟಿಕ್ಕಿನ ಮೂಲವಸ್ತುವಾದ ಸ್ಟೈರೀನಿನ ಆವಿ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಮಕ್ಕಳಿಗೆ ಸ್ನಾನ ಮಾಡಿಸುತ್ತೀರಲ್ಲ, ಅವು ಇದನ್ನೇ ಉಸಿರಾಡಬೇಕು. ಬೇಡವೇ ಬೇಡ.

ಗುಜರಿಯವನನ್ನು ಬೈಯಬೇಡಿ. ನಾನು ಕೆಮಿಸ್ಟ್ರಿ ಮೇಷ್ಟ್ರಾಗಿದ್ದಾಗ ಬೀಕರಿನಲ್ಲಿ ಸ್ವಲ್ಪ ಅಸಿಟೋನ್ ಎಂಬ ದ್ರಾವಕ ಹಾಕಿ ಥರ್ಮೋಕೋಲ್ ಪಟ್ಟಿ ಇಳಿಸುತ್ತಿದ್ದೆ. ಮೊಳದುದ್ದದ ಪಟ್ಟಿ ಬುಸ್ಸೆಂದು ಕುಸಿದು ತಳದಲ್ಲಿ ಅಂಟು ಮುದ್ದೆಯಾಗುತ್ತಿತ್ತು. ಹುಡುಗರಿಗೆ ಅದೇ ಜಾದೂ! ಥರ್ಮೋಕೋಲಿನ ಗಾತ್ರದಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಪಾಲು ಬರೀ ಗಾಳಿ. ಆಟೋ ತುಂಬುತ್ತದೆ, ತಕ್ಕಡಿ ಏಳುವುದಿಲ್ಲ. ಅವನಿಗೆ ಏನು ಗಿಟ್ಟೀತು? ಹಾಗಂತ ಆ ಗಾಳಿ ಸುಮ್ನೆ ಇಲ್ಲ. ಮೀನಿನ ಪೆಟ್ಟಿಗೆಯ ಐಸ್ ಕರಗದಂತೆ ತಡೆಯುವುದು, ಹೆಲ್ಮೆಟ್ಟಿನೊಳಗೆ ಪೆಟ್ಟು ತಿನ್ನುವುದು ಅದೇ.

ಇನ್ನು ಕಾಫಿ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿಗೆ ಮೆತ್ತಗಾಗುತ್ತದೆ. ಬಾಣಲೆಯಿಂದ ಆಗಷ್ಟೇ ತೆಗೆದ ಬೋಂಡ ಇಟ್ಟು ನೋಡಿ, ತಟ್ಟೆಗೆ ಗುಂಡಿ ಬೀಳುತ್ತದೆ. ಗುಂಡಿ ಬೀಳುವ ಮೊದಲೇ, ಬಿಸಿ ಮತ್ತು ಜಿಡ್ಡು ಸೇರಿದರೆ, ಒಳಗೆ ಉಳಿದ ಸ್ಟೈರೀನ್ ಚೂರುಪಾರು ಆಹಾರಕ್ಕೆ ಇಳಿಯುತ್ತದೆ. ಸ್ಟೈರೀನ್ ಕ್ಯಾನ್ಸರ್ ತರುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2018ರಲ್ಲಿ ಹೇಳಿತು. ಹೆಚ್ಚು ಅಪಾಯ ಕಾರ್ಖಾನೆಯಲ್ಲಿ ಅದರ ಆವಿ ಕುಡಿಯುವ ಕೆಲಸಗಾರರಿಗೆ. ಒಂದು ಲೋಟ ಕಾಫಿ ಕುಡಿದಿದ್ದಕ್ಕೆ ನಿದ್ದೆಗೆಡಬೇಡಿ. ಆದರೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧವಾದ ಲೋಟ ನಿಮ್ಮೂರಿನ ಸಮಾರಂಭಕ್ಕೆ ಎಲ್ಲಿಂದ ಬಂತು? ಅಡುಗೆಯವರನ್ನು ಕೇಳಿ. ಅಡಿಕೆ ಹಾಳೆ ತಟ್ಟೆಯ ಸೀಮೆಯಲ್ಲಿ ಇದು ನಾಚಿಕೆಗೇಡು, ಅಲ್ವಾ?

ಫ್ರಿಜ್ಜಿನ ತುಂಡುಗಳಿಗೆ ಆ ನಿಷೇಧವಿಲ್ಲ. ಪುಡಿ ಮಾಡಬೇಡಿ, ಕಾಳು ಚರಂಡಿ ಸೇರಿದರೆ ತುಂಗೆಗೇ ಹೋಗುತ್ತದೆ. ಇಡಿಯಾಗಿ ಕಟ್ಟಿ ಒಣ ಕಸದವರಿಗೆ ಕೊಡಿ. ಇನ್ನೊಂದು ಸಲ ಟಿವಿಯೋ ಫ್ರಿಜ್ಜೋ ಬಂದಾಗ ಬಿಚ್ಚಿದ್ದನ್ನು ಅದೇ ಗಾಡಿಗೆ ವಾಪಸ್ ಹೇರಿಸಿ. ಕೇಳಿದರೆ ಕೆಲವರು ಒಯ್ಯುತ್ತಾರೆ.