ತೊಡೆಯ ಮೇಲಿನ ಫೋನೂ ತಪ್ಪೇ?

ಪ್ರಶ್ನೆ: ಮಗ ಸಿಡ್ನಿಯಲ್ಲಿದ್ದಾನೆ. ಕಾರು ಓಡಿಸುವಾಗ ಫೋನ್ ತೊಡೆಯ ಮೇಲಿತ್ತು, ಕೈಯಲ್ಲಿ ಮುಟ್ಟಿರಲಿಲ್ಲವಂತೆ. ಆದರೂ ದಂಡದ ನೋಟಿಸ್ ಬಂದಿದೆ. ಕ್ಯಾಮೆರಾಗೆ ಕಾರಿನೊಳಗಿದ್ದದ್ದು ಹೇಗೆ ಕಂಡಿತು? ವಾದ ಮಾಡಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: 'ಮುಟ್ಟಿರಲಿಲ್ಲ' ಎಂಬ ವಾದ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ನಡೆಯುವುದಿಲ್ಲ. ಫೋನ್ ಜೇಬಿನಲ್ಲಿದ್ದರೆ ಸರಿ. ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದರೂ ಅದು ಹಿಡಿದುಕೊಂಡ ಲೆಕ್ಕವೇ. ಕೆಂಪು ದೀಪಕ್ಕೆ ನಿಂತಾಗಲೂ ವಿನಾಯಿತಿಯಿಲ್ಲ.

ಈ ಕ್ಯಾಮೆರಾಗಳ ಮೂಲಕ ಅಲ್ಲಿ ದಂಡ ಶುರುವಾದದ್ದು 2020ರ ಮಾರ್ಚ್‌ನಲ್ಲಿ. ಅದಕ್ಕೆ ಮುಂಚೆ ಮೂರು ತಿಂಗಳು ಬರೀ ಎಚ್ಚರಿಕೆ ಪತ್ರ. ರಸ್ತೆಯ ಮೇಲಿನ ಕಮಾನಿಗೋ ಟ್ರೇಲರ್‌ನ ಕಂಬಕ್ಕೋ ಕ್ಯಾಮೆರಾ ಕಟ್ಟಿ, ಮುಂಗಾಜಿನೊಳಕ್ಕೆ ಮೇಲಿನಿಂದ ಇಳಿಜಾರಾಗಿ ಗುರಿಯಿಡುತ್ತಾರೆ. ತೊಡೆ ಕಾಣುವುದು ಆ ಎತ್ತರದಿಂದಲೇ. ಬೆಳಕಿಗೆ ಇನ್‌ಫ್ರಾರೆಡ್ ಫ್ಲ್ಯಾಶ್ ಇದೆ. ಚಾಲಕನ ಕಣ್ಣು ಕುಕ್ಕುವುದಿಲ್ಲ, ರಾತ್ರಿಯಲ್ಲೂ ಚಿತ್ರ ಬರುತ್ತದೆ.

ಸಾಫ್ಟ್‌ವೇರ್ ಮಾಡುವುದು ಜರಡಿ ಹಿಡಿಯುವ ಕೆಲಸ ಮಾತ್ರ. ಅನುಮಾನವಿಲ್ಲದ ಚಿತ್ರಗಳನ್ನು ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಅಳಿಸಲಾಗುತ್ತದೆ; ಉಳಿದವನ್ನು ಸಿಬ್ಬಂದಿ ಕಣ್ಣಾರೆ ನೋಡುತ್ತಾರೆ. ಪರ್ಸ್, ಪವರ್‌ಬ್ಯಾಂಕ್‌ನಂಥ ಕಪ್ಪು ಚೌಕದ ವಸ್ತುವನ್ನು ಯಂತ್ರ ಫೋನೆಂದುಕೊಳ್ಳಬಹುದು, ಹಾಗಾಗಿ ಮನುಷ್ಯರ ಪರಿಶೀಲನೆ ಬೇಕೇ ಬೇಕು.

ಮಗ ಮೊದಲು ನೋಟಿಸ್ ಸಂಖ್ಯೆ ಹಾಕಿ ಆನ್‌ಲೈನ್‌ನಲ್ಲಿ ಕ್ಯಾಮೆರಾದ ಫೋಟೊ ತೆರೆದು ನೋಡಲಿ. ಅಲ್ಲಿರುವುದು ಫೋನ್ ಅಲ್ಲವೆಂದು ಖಚಿತವಾದರೆ ಮರುಪರಿಶೀಲನೆ ಕೇಳಲಿ. ಓಡಿಸಿದ್ದು ಬೇರೆಯವರಾದರೆ ಅವರ ವಿವರ ಕೊಡಬೇಕು. ಸುಳ್ಳು ಹೆಸರು ಕೊಡುವುದು ಇನ್ನೂ ದೊಡ್ಡ ಅಪರಾಧ. ಇದ್ದದ್ದು ಫೋನೇ ಆದರೆ ಅರ್ಜಿಗೆ ಸಮಯ ಕಳೆಯದೆ ಗಡುವಿನೊಳಗೆ ಕಟ್ಟುವುದು ಜಾಣತನ. ದಂಡದ ಜೊತೆ ಲೈಸೆನ್ಸ್‌ಗೆ ಡಿಮೆರಿಟ್ ಪಾಯಿಂಟ್‌ಗಳೂ (ತಪ್ಪಿನ ಲೆಕ್ಕದ ಅಂಕಗಳು) ಬೀಳುತ್ತವೆ.