ಶಾಲಾ ತಂಡವಿದ್ದರೂ ಎಲೀಟ್ ಲೀಗ್ ಏಕೆ?

ಮಿನ್ನೆಸೋಟದ ಹೈಸ್ಕೂಲ್ ಹುಡುಗಿಯರಿಗೆ ಶಾಲಾ ಹಾಕಿ ತಂಡವಿದ್ದೂ ಬೇರೆ ಲೀಗ್ ಏಕೆ ಎಂದು ಕೇಳಿದ್ದೀರಿ. ಇದು ಐಸ್ ಹಾಕಿ. 1994ರಲ್ಲಿ ಹುಡುಗಿಯರಿಗೆ ಇದನ್ನು ಶಾಲಾ ಕ್ರೀಡೆಯಾಗಿ ಮಾನ್ಯ ಮಾಡಿದ ಮೊದಲ ಅಮೆರಿಕನ್ ರಾಜ್ಯ ಅದೇ. ಶಾಲಾ ಋತು ನವೆಂಬರ್‌ನಿಂದ ಫೆಬ್ರವರಿವರೆಗೆ. ಆದರೆ ಊರಿನ ತಂಡದಲ್ಲಿ ಚುರುಕಾದವರು ಒಬ್ಬಿಬ್ಬರೇ ಇರಬಹುದು. ಎದುರಾಳಿ ದುರ್ಬಲವಾದರಂತೂ ಗೋಲಿನ ಸುರಿಮಳೆ, ಕಲಿಕೆ ಸೊನ್ನೆ. ಅದಕ್ಕೇ ಋತುವಿಗೆ ಮುಂಚಿನ ಶರತ್ಕಾಲದಲ್ಲಿ ಬೇರೆ ಬೇರೆ ಶಾಲೆಗಳ ಆಯ್ದ ಆಟಗಾರ್ತಿಯರನ್ನು ಬೆರೆಸಿ ತಂಡ ಕಟ್ಟುತ್ತಾರೆ; ಈ ತಂಡಗಳ ಲೀಗೇ ಎಲೀಟ್ ಲೀಗ್. ಪಂದ್ಯಗಳು ಒಂದೇ ಕಡೆ ಸಾಲಾಗಿ ನಡೆದರೆ ಕಾಲೇಜು ತರಬೇತುದಾರರು ಒಂದೇ ಪ್ರಯಾಣದಲ್ಲಿ ಹಲವರನ್ನು ನೋಡಿಬಿಡಬಹುದು. ನನ್ನ ಪ್ರಕಾರ ದೊಡ್ಡ ಲಾಭ ಬೇರೆ: ಒಳ್ಳೆಯ ಪೈಪೋಟಿಗಾಗಿ ಹುಡುಗಿಯರು ಊರು, ಶಾಲೆ ಬಿಡಬೇಕಿಲ್ಲ. ಖರ್ಚು ಮಾತ್ರ ಕಡಿಮೆಯಲ್ಲ. ಐಸ್ ಅಂಗಳದ ಬಾಡಿಗೆ ಗಂಟೆ ಲೆಕ್ಕದಲ್ಲಿ ಏರುತ್ತದೆ.