ಆಪ್ತಸಲಹೆ ಪ್ರಕರಣ: ‘ಸಿಸ್ಟರ್, ಬಾಟ್ಲಿ ಮುಗೀತಾ?’

(ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

ಶಿವಮೊಗ್ಗದ ಆಸ್ಪತ್ರೆಯೊಂದರ ಸ್ಟಾಫ್ ನರ್ಸ್, ಒಂಬತ್ತು ವರ್ಷದ ಅನುಭವ. ರಾಜೀನಾಮೆ ಪತ್ರ ಬರೆದಿಟ್ಟುಕೊಂಡೇ ಬಂದಿದ್ದರು. ‘ಸಿಸ್ಟರ್ ಮುಖ ಕೊಟ್ಟು ಮಾತಾಡಲ್ಲ’ ಎಂದು ರೋಗಿಯ ಮಗನೊಬ್ಬ ದೂರು ಕೊಟ್ಟಿದ್ದ. ‘ಇಪ್ಪತ್ತು ಬೆಡ್ಡಿಗೆ ನಾವಿಬ್ಬರು. ಅದರ ಮೇಲೆ ನಗ್ತಾ ಇರಿ ಅಂತ ಟ್ರೇನಿಂಗು’ ಎಂದರು. ಆ ಸಿಟ್ಟು ನ್ಯಾಯವಾದದ್ದೇ. ಒಳಗೆ ಕುದಿಯುತ್ತಾ ಮೇಲೆ ನಗುವುದು ಪಾಳಿಯ ಮೇಲೆ ಇನ್ನೊಂದು ಪಾಳಿ ದುಡಿದಂತೆ.

ದೂರು ಬಂದ ದಿನವನ್ನು ಗಂಟೆಗಂಟೆಯಾಗಿ ಬಿಡಿಸಿ ನೋಡಿದೆವು. ಹೊಸನಗರ ಕಡೆಯ ಅಜ್ಜಿ. ಅಡಿಕೆ ಕೊಯ್ಲೆಂದು ಮಗ ಊರಿಗೆ ಹೋಗಿದ್ದ. ಬೆಳಿಗ್ಗೆ 10ಕ್ಕೆ ಡ್ರಿಪ್ ಹಾಕಿದ್ದು. ಹತ್ತು ನಿಮಿಷಕ್ಕೊಮ್ಮೆ ‘ಸಿಸ್ಟರ್, ಬಾಟ್ಲಿ ಮುಗೀತಾ?’ ಪ್ರತಿ ಸಲವೂ ಬಾಗಿಲಿಂದಲೇ ‘ಇನ್ನೂ ಇದೆ ಅಜ್ಜಿ.’ ರಾತ್ರಿ ಪಾಳಿಯವರು ಪಕ್ಕ ಕೂತು ‘ಏನು ಹೆದರಿಕೆ?’ ಎಂದು ಕೇಳಿದ ಮೇಲೆ ವಿಷಯ ಹೊರಬಿತ್ತು: ಬಾಟ್ಲಿ ಖಾಲಿಯಾದರೆ ಗಾಳಿ ನುಗ್ಗಿ ಜೀವ ಹೋಗುತ್ತದೆಂದು ಅಜ್ಜಿ ಇಡೀ ದಿನ ಕಣ್ಣು ಮುಚ್ಚಿರಲಿಲ್ಲ.

ಅಮೆರಿಕದ ನರ್ಸಿಂಗ್ ಸಂಶೋಧಕಿ ಕ್ರಿಸ್ಟನ್ ಸ್ವಾನ್ಸನ್ 1991ರಲ್ಲಿ ವಿವರಿಸಿದ ಐದು ಆರೈಕೆ ಕ್ರಮಗಳಲ್ಲಿ ರೋಗಿಯನ್ನು ಅರಿಯುವುದು ಮೊದಲನೆಯದು, ಜೊತೆಗಿರುವುದು ಎರಡನೆಯದು, ಮಾಡಿಕೊಡುವುದು ಮೂರನೆಯದು. ಕೆಲಸದ ಒತ್ತಡದಲ್ಲಿ ಎಲ್ಲರೂ ಮೂರರಿಂದಲೇ ಶುರು ಮಾಡುತ್ತಾರೆ.

ಕೊಟ್ಟ ಸಲಹೆ ಇಷ್ಟು. ಪಾಳಿಯ ಮೊದಲ ಭೇಟಿಯಲ್ಲಿ ಸ್ಟೂಲ್ ಎಳೆದು ರೋಗಿಯ ಕಣ್ಣಿನ ಮಟ್ಟಕ್ಕೆ ಕೂರಬೇಕು. ಬಿಪಿ ನೋಡುವ ಹೊತ್ತೇ ಸಾಕು, ಹೆಚ್ಚಿನ ಸಮಯ ಬೇಡ. ಹೆಸರು ಹೇಳಿ, ‘ಈಗ ನಿಮಗೆ ಯಾವುದು ಜಾಸ್ತಿ ಚಿಂತೆ?’ ಎಂದು ಕೇಳಿ ಸುಮ್ಮನಿರಬೇಕು. ಆ ಸುಮ್ಮನಿರುವುದೇ ಕಷ್ಟ. ಬಹಳಷ್ಟು ಜನ ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ.

ಡ್ರಿಪ್ಪಿನ ಲೆಕ್ಕ ನರ್ಸ್‌ಗೆ ಬಾಯಿಪಾಠ: 500 ಮಿ.ಲೀ., ಮಿ.ಲೀ.ಗೆ 20 ಹನಿ ಬೀಳಿಸುವ ಟ್ಯೂಬ್ ಸೆಟ್, ನಿಮಿಷಕ್ಕೆ 40 ಹನಿ ಎಂದರೆ 250 ನಿಮಿಷ, ನಾಲ್ಕು ಗಂಟೆಗೂ ಸ್ವಲ್ಪ ಹೆಚ್ಚು. ಅದನ್ನೇ ರೋಗಿಗೂ ಹೇಳಿ: ‘ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಮುಗಿಯುತ್ತೆ ಅಜ್ಜಿ, ಒಂದೂಮುಕ್ಕಾಲಿಗೆ ನಾನೇ ಬಂದು ನೋಡ್ತೀನಿ. ಖಾಲಿಯಾದ್ರೂ ನೀರು ಟ್ಯೂಬಲ್ಲೇ ನಿಲ್ಲುತ್ತೆ. ಸೂಜಿ ಹತ್ರ ಉರಿದ್ರೆ, ಊದಿಕೊಂಡ್ರೆ ತಕ್ಷಣ ಕರೀರಿ.’ ಸಾದಾ ಡ್ರಿಪ್ಪಿಗೆ ಈ ಮಾತು ಸರಿ. ಕೈ ಮಡಚಿದರೆ ಹನಿಯ ವೇಗ ತಪ್ಪುತ್ತದೆ, ಹಾಗಾಗಿ ನಿಮಿಷ ಲೆಕ್ಕದ ಮಾತು ಕೊಡಬಾರದು.

ಕೊಟ್ಟ ಮಾತು ಮುರಿಯುವುದು ಹೆಚ್ಚಾಗಿ ಎರಡು ಗಂಟೆಗೆ, ಪಾಳಿ ಬದಲಾಗುವಾಗ. ಆದ್ದರಿಂದ ಚಾರ್ಜ್ ಕೊಡುವುದು ಬೆಡ್ಡಿನ ಪಕ್ಕದಲ್ಲೇ ಆಗಲಿ. ಔಷಧದ ಜೊತೆ ರೋಗಿಯ ಚಿಂತೆಯನ್ನೂ ಒಪ್ಪಿಸಲಿ. ಗುಟ್ಟಿನ ಕಾಯಿಲೆಯ ವಿಷಯ ಮಾತ್ರ ದೂರ ನಿಂತು. ಹೊಸ ಅಡ್ಮಿಷನ್ ಬಂದು ಹೋಗಲಾಗದಿದ್ದರೆ ‘ತಡವಾಗುತ್ತೆ’ ಎಂದು ಯಾರ ಕೈಲಾದರೂ ಹೇಳಿಕಳಿಸಬೇಕು.

ಅವರ ಒಪ್ಪಿಗೆ ಪಡೆದು ವಾರ್ಡ್ ಇನ್‌ಚಾರ್ಜ್ ಜೊತೆಗೂ ಮಾತಾಡಿದೆವು. ನರ್ಸ್‌ಗಳಿಗೂ ವಾರಕ್ಕೊಮ್ಮೆ ಹತ್ತು ನಿಮಿಷ ‘ಯಾವುದು ಜಾಸ್ತಿ ಚಿಂತೆ?’ ಎಂಬ ಇದೇ ಪ್ರಶ್ನೆ ಕೇಳಿ. ಸಾವೋ ಜಗಳವೋ ಆದ ಮೇಲೆ ಹದಿನೈದು ನಿಮಿಷ ಬೆಡ್ ಕೆಲಸದಿಂದ ಬಿಡಿಸಿ ಟೀ ಕುಡಿಯಲು ಕಳಿಸಿ. ಕೂತು ಮಾತಾಡಿದ್ದಕ್ಕೆ ಸಹಿ ಪುಸ್ತಕ ಮಾತ್ರ ಇಡಬೇಡಿ. ಸಹಿಗಳೆಲ್ಲ ಪಾಳಿ ಮುಗಿಯುವಾಗ ಒಟ್ಟಿಗೆ ಬೀಳುತ್ತವೆ. ಇದ್ಯಾವುದೂ ಸಿಬ್ಬಂದಿ ಕೊರತೆಗೆ ಮದ್ದಲ್ಲ, ಅದನ್ನು ಬೆಡ್ ಲೆಕ್ಕದ ಸಮೇತ ಆಡಳಿತಕ್ಕೆ ಬರೆದೇ ಕೊಡಬೇಕು.

ಮೂರನೇ ಭೇಟಿಯ ಹೊತ್ತಿಗೆ ನರ್ಸ್ ಸಿಬ್ಬಂದಿ ಕೊರತೆಯ ಆ ಪತ್ರ ಬರೆದು ಕೊಟ್ಟಿದ್ದರು. ವಾರ್ಡಿನ ಎರಡೂ ಸ್ಟೂಲ್ ರೋಗಿಗಳ ಕಡೆಯವರ ಪಾಲಾಗಿದ್ದವಂತೆ. ಇನ್ನೆರಡು ಬೇಕೆಂದು ಅದರಲ್ಲೇ ಸೇರಿಸಿದ್ದರು.